ಪೂಲ್‌ಗೆ ಊಟ ಕಟ್ಟುವಾಗ: ಬ್ಯಾಗ್ ತೆರೆದರೆ ಮೇಲೆ ಏನಿರಬೇಕು?

ನೀರಿನಿಂದ ಮೇಲೆ ಬಂದ ಮಕ್ಕಳು ತಿನ್ನಲು ಏನಿದೆ ಅಂತ ಕೇಳುತ್ತಾ ನಿಲ್ಲುವುದಿಲ್ಲ, ಒದ್ದೆ ಕೈಯಲ್ಲೇ ಸೀದಾ ಬ್ಯಾಗಿಗೆ ಕೈ ಹಾಕುತ್ತಾರೆ. ಚಿಪ್ಸ್ ಪೊಟ್ಟಣ ಸಿಕ್ಕಿದರೆ ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಕಲ್ಲಂಗಡಿ ಡಬ್ಬಿ ಸಿಕ್ಕಿದರೆ ಅದು ಖಾಲಿ. ದೊಡ್ಡವರೇನೂ ಕಮ್ಮಿ ಇಲ್ಲ ಬಿಡಿ. ಹಾಗಾಗಿ ಪೂಲ್‌ಗೆ ಹೋಗುವ ದಿನಕ್ಕೆ ಹೊಸ ರೆಸಿಪಿ ಹುಡುಕುತ್ತಾ ಕೂರುವ ಬದಲು, ಬ್ಯಾಗ್ ತೆರೆದಾಗ ಮೇಲೆ ಏನು ಕಾಣಬೇಕು ಅಂತ ಮೊದಲು ಯೋಚನೆ ಮಾಡಿ. ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯುತ್ತದೆ. ಉಳಿದ ಕಾಲು ಭಾಗ ಐಸಿನದು.

ಎಷ್ಟು ಬೇಕು, ಯಾವಾಗ ಬೇಕು

ಈಜಿದ ಮೇಲೆ ಹಸಿವು ಜಾಸ್ತಿ. ಕೈ, ಕಾಲು, ಬೆನ್ನು ಎಲ್ಲಾ ಕೆಲಸ ಮಾಡಿರುತ್ತವೆ, ಅದರ ಮೇಲೆ ನೀರು ತಣ್ಣಗಿದ್ದರೆ ಹೊರಗೆ ಬಂದ ಮೇಲೆ ಹಸಿವು ಇನ್ನೂ ಕೆರಳುತ್ತದೆ. ಮನೆಯಲ್ಲಿ ಒಂದು ಸ್ಯಾಂಡ್‌ವಿಚ್ ತಿಂದು ಸಾಕು ಅನ್ನುವ ಮಗು ಇಲ್ಲಿ ಇನ್ನೊಂದು ಕೇಳುತ್ತದೆ. ಆದರೆ ಒಂದೇ ಸಲ ಕೂತು ಪೂರ್ತಿ ಊಟ ಮಾಡುವ ಸಹನೆ ಯಾರಿಗೂ ಇರುವುದಿಲ್ಲ. ಬರುತ್ತಾರೆ, ನಾಲ್ಕು ತುತ್ತು ತಿನ್ನುತ್ತಾರೆ, ಮತ್ತೆ ನೀರಿಗೆ ಓಡುತ್ತಾರೆ. ಆದ್ದರಿಂದ ಒಂದು ದೊಡ್ಡ ಡಬ್ಬಿಯಲ್ಲಿ ಊಟ ತುಂಬುವುದಕ್ಕಿಂತ, ಒಂದೊಂದು ಸಲಕ್ಕೆ ಆಗುವಷ್ಟು ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿದರೆ ಒಳ್ಳೆಯದು. ಒಂದು ಡಬ್ಬಿ ತೆರೆದಾಗ ಉಳಿದವು ತಣ್ಣಗೇ ಇರುತ್ತವೆ, ಅರ್ಧ ತಿಂದು ಬಿಸಿಲಲ್ಲಿ ಬಿಟ್ಟ ಊಟವನ್ನು ಎಸೆಯುವುದೂ ತಪ್ಪುತ್ತದೆ.

ಇಡೀ ದಿನ ಅಲ್ಲೇ ಇರುವುದಾದರೆ ಲೆಕ್ಕ ಹೀಗೆ ಹಾಕಿಕೊಳ್ಳಿ. ಹೊರಡುವ ಮೊದಲು ಮನೆಯಲ್ಲಿ ಸರಿಯಾಗಿ ತಿಂಡಿ. ಅಲ್ಲಿ ಮೊದಲ ಸಲ ನೀರಿನಿಂದ ಮೇಲೆ ಬಂದಾಗ ಹಣ್ಣು, ತರಕಾರಿ. ಮಧ್ಯಾಹ್ನ ಊಟ. ಸಂಜೆಗೆ ಏನಾದರೂ ಕುರುಕಲು. ಕೊನೆಯದಾಗಿ, ಎಲ್ಲರೂ ಮರೆಯುವ ಇನ್ನೊಂದು: ವಾಪಸ್ ಬರುವ ದಾರಿಗೆ. ಬಟ್ಟೆ ಬದಲಾಯಿಸಿ, ಕೂದಲು ಒರೆಸಿಕೊಂಡು, ಸುಸ್ತಾಗಿ ಕೂತಾಗ ಬರುವ ಹಸಿವು ಇದೆಯಲ್ಲ, ಅದು ಕೆಟ್ಟದ್ದು. ಬೆಳಗಿನಿಂದ ಕಷ್ಟಪಟ್ಟು ಕೊಟ್ಟ ಒಳ್ಳೆ ಊಟವೆಲ್ಲ ಒಂದು ಕಡೆ, ದಾರಿಯಲ್ಲಿ ಸಿಗುವ ಕರಿದ ಆಲೂಗಡ್ಡೆ ಇನ್ನೊಂದು ಕಡೆ ಅನ್ನುವ ಹಾಗೆ ಆಗುತ್ತದೆ. ಬಾಳೆಹಣ್ಣು, ಒಣ ಹಣ್ಣು, ಬಿಸ್ಕೆಟ್ ಇಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿ, ಪೂಲ್ ಹತ್ತಿರ ತರಲೇಬೇಡಿ. ಕಾರಿನಲ್ಲಿ ಬಂದಿದ್ದರೆ ಅಲ್ಲೇ ಇರಲಿ.

ತಿಂದ ಮೇಲೆ ಅರ್ಧ ಗಂಟೆ ನೀರಿಗೆ ಇಳಿಯಬಾರದು ಅಂತ ಹೇಳುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ಊಟ ಮಾಡಿದ್ದಕ್ಕೇ ಯಾರಾದರೂ ಮುಳುಗುತ್ತಾರೆ ಅನ್ನುವುದಕ್ಕೆ ಆಧಾರ ಇಲ್ಲ. ನಾಲ್ಕು ತುಂಡು ಹಣ್ಣು ತಿಂದು ಆಟ ಆಡಲು ಹೋದರೆ ಏನೂ ಆಗುವುದಿಲ್ಲ. ಆದರೆ ಹೊಟ್ಟೆ ಬಿರಿಯುವ ಹಾಗೆ ತಿಂದು ಜೋರಾಗಿ ಈಜಿದರೆ ಪಕ್ಕೆ ಹಿಡಿದುಕೊಳ್ಳಬಹುದು, ವಾಕರಿಕೆ ಬರಬಹುದು. ಅದಕ್ಕೆ ಊಟವನ್ನು ಬಿಸಿಲು ಅತಿ ಜೋರಾಗಿರುವ ನಡು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನೆರಳಲ್ಲಿ ಇರುವುದು ಚರ್ಮಕ್ಕೂ ಒಳ್ಳೆಯದೇ, ಊಟ ಆ ನೆಪಕ್ಕೆ ಚೆನ್ನಾಗಿ ಒದಗುತ್ತದೆ.

ಐಸ್ ಬಾಕ್ಸ್ ವಿಷಯ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಊಟ ಎಷ್ಟೇ ಆರೋಗ್ಯಕರ ಆಗಿದ್ದರೂ ಬಿಸಿಲಲ್ಲಿ ಕೆಟ್ಟರೆ ಮುಗಿಯಿತು.

ಬ್ಯಾಕ್ಟೀರಿಯಾ ಬೇಗ ಬೆಳೆಯುವುದು 4 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಸಲ ದುಪ್ಪಟ್ಟಾಗುತ್ತಾ ಹೋಗುತ್ತವೆ. ಅದಕ್ಕೇ ಕೆಡುವಂಥ ಆಹಾರವನ್ನು ಫ್ರಿಜ್‌ನಿಂದ ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬೇಡಿ ಅನ್ನುತ್ತಾರೆ. ಹೊರಗಿನ ತಾಪ 32 ಡಿಗ್ರಿ ದಾಟಿದರೆ 1 ಗಂಟೆ ಮಾತ್ರ. ಬೇಸಿಗೆಯಲ್ಲಿ ಪೂಲ್ ಪಕ್ಕದ ಕಲ್ಲುಹಾಸಿನ ಮೇಲೆ ಕೂತಿದ್ದೀರಿ ಅಂದರೆ 1 ಗಂಟೆ ಅಂತಲೇ ಇಟ್ಟುಕೊಳ್ಳಿ. ಮತ್ತೆ, ಲೆಕ್ಕ ಶುರುವಾಗುವುದು ಡಬ್ಬಿ ತೆರೆದಾಗ ಅಲ್ಲ, ಊಟ ತಣ್ಣಗಿರುವುದು ನಿಂತಾಗಿನಿಂದ. ಮೂಸಿ ನೋಡಿ ನಿರ್ಧಾರ ಮಾಡಬೇಡಿ. ಹೊಟ್ಟೆ ಕೆಡಿಸುವ ಎಷ್ಟೋ ಕ್ರಿಮಿಗಳು ವಾಸನೆಯನ್ನಾಗಲಿ ರುಚಿಯನ್ನಾಗಲಿ ಬದಲಾಯಿಸುವುದೇ ಇಲ್ಲ.

ಐಸ್ ಎಷ್ಟು ಗಟ್ಟಿಗ ಅನ್ನುವುದಕ್ಕೆ ಇಷ್ಟು ಸಾಕು: 1 ಕಿಲೋ ಐಸ್ ಕರಗಿ ನೀರಾಗುವಾಗ ಎಳೆದುಕೊಳ್ಳುವ ಶಾಖದಲ್ಲಿ, ಅದೇ 1 ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿ ತನಕ ಕಾಯಿಸಬಹುದು. ಇಷ್ಟು ಶಕ್ತಿ ಇರುವ ಐಸನ್ನು ಬೆಚ್ಚಗಿನ ಊಟ ತಣ್ಣಗೆ ಮಾಡಲು ಖರ್ಚು ಮಾಡಿದರೆ ನಷ್ಟ ಅಲ್ವಾ? ಬಾಕ್ಸಿಗೆ ಹೋಗುವ ಪ್ರತಿಯೊಂದೂ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಕೂತು ತಣ್ಣಗಾಗಿರಬೇಕು. ನೀರಿನ ಬಾಟಲಿಗಳೂ ಸೇರಿ. ಬಾಕ್ಸ್ ಕೂಡ ಅಟ್ಟದ ಮೇಲೋ ಕಾರಿನ ಡಿಕ್ಕಿಯಲ್ಲೋ ಬಿದ್ದು ಬಿಸಿಯಾಗಿದ್ದರೆ, ತುಂಬುವ ಮೊದಲು ಅದರೊಳಗೆ ಸ್ವಲ್ಪ ಐಸ್ ಹಾಕಿ ಮುಚ್ಚಿಟ್ಟು, ಆಮೇಲೆ ಆ ನೀರು ಚೆಲ್ಲಿ ಒರೆಸಿ.

ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಸಣ್ಣ ಕ್ಯೂಬುಗಳು ಬೇಗ. ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲೋ ಬಾಟಲಿಯಲ್ಲೋ ನೀರು ತುಂಬಿ ಫ್ರೀಜರ್‌ನಲ್ಲಿ ಇಡುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ. ಬೆಳಿಗ್ಗೆ ಅದು ಐಸ್ ಪ್ಯಾಕ್, ಮಧ್ಯಾಹ್ನದ ಮೇಲೆ ಅದೇ ಕುಡಿಯುವ ತಣ್ಣೀರು. ಆದರೆ ಕಂಠಪೂರ್ತಿ ತುಂಬಬೇಡಿ, ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಬಾಟಲಿ ಸೀಳುತ್ತದೆ. ಬಿಡಿ ಐಸ್ ಹಾಕಲೇಬೇಕಾದರೆ ಅದನ್ನು ಗಟ್ಟಿ ಚೀಲದಲ್ಲಿ ಕಟ್ಟಿ ಹಾಕಿ, ಇಲ್ಲದಿದ್ದರೆ ಎರಡು ಗಂಟೆ ಬಿಟ್ಟು ನೋಡಿದಾಗ ಸ್ಯಾಂಡ್‌ವಿಚ್‌ಗಳೂ ಈಜುತ್ತಿರುತ್ತವೆ.

ತಂಪು ಗಾಳಿ ಕೆಳಗೆ ಇಳಿಯುತ್ತದೆ. ಐಸ್ ಪ್ಯಾಕನ್ನು ತಳಕ್ಕೆ ಮಾತ್ರ ಹಾಕಿ ಮೇಲೆ ಊಟ ಪೇರಿಸುವವರು ಬಹಳ, ಆಗ ಮೇಲಿನ ಡಬ್ಬಿಗೆ ಏನೂ ಸಿಗುವುದಿಲ್ಲ. ತಳಕ್ಕೊಂದು, ಮೇಲಕ್ಕೊಂದು ಇರಲಿ. ಒಂದೇ ಇದ್ದರೆ ಮೇಲೆ ಇಡಿ. ಖಾಲಿ ಜಾಗ ಉಳಿದರೆ ಒಂದು ಟವೆಲ್ ತುರುಕಿ, ತುಂಬಿದ ಬಾಕ್ಸ್ ಅರ್ಧ ತುಂಬಿದ್ದಕ್ಕಿಂತ ಜಾಸ್ತಿ ಹೊತ್ತು ತಣ್ಣಗಿರುತ್ತದೆ.

ಸಾಧ್ಯವಾದರೆ ಎರಡು ಬಾಕ್ಸ್ ಮಾಡಿ, ಒಂದು ಕುಡಿಯುವುದಕ್ಕೆ, ಒಂದು ತಿನ್ನುವುದಕ್ಕೆ. ಕುಡಿಯುವ ಬಾಕ್ಸನ್ನು ಯಾರಾದರೂ ತೆರೆಯುತ್ತಲೇ ಇರುತ್ತಾರೆ, ಪ್ರತಿ ಸಲವೂ ಬಿಸಿ ಗಾಳಿ ಒಳಗೆ ಹೋಗುತ್ತದೆ. ನೀರು ಸ್ವಲ್ಪ ಬೆಚ್ಚಗಾದರೆ ನಷ್ಟವಿಲ್ಲ, ಮೊಟ್ಟೆ ಬೆಚ್ಚಗಾದರೆ ಇದೆ. ಎರಡನೇ ಬಾಕ್ಸ್ ದೊಡ್ಡದೇ ಆಗಬೇಕು ಅಂತಿಲ್ಲ, ದಪ್ಪ ಅಸ್ತರಿನ ಒಂದು ಕೂಲರ್ ಬ್ಯಾಗ್ ಸಾಕು. ಹೋಗುವಾಗ ಡಿಕ್ಕಿಯಲ್ಲಿ ಇಡುವ ಬದಲು ಏಸಿ ಬರುವ ಕಡೆ ಇಡಿ. ಅಲ್ಲಿ ಹೋದ ಮೇಲೆ ನೆರಳು ಹುಡುಕಿ, ನೆರಳು ಸರಿದ ಹಾಗೆ ಬಾಕ್ಸನ್ನೂ ಸರಿಸಿ, ಮೇಲೆ ತಿಳಿ ಬಣ್ಣದ ಟವೆಲ್ ಹೊದಿಸಿ. ಬರೀ ಅಂದಾಜು ಬೇಡ ಅನ್ನಿಸಿದರೆ ಫ್ರಿಜ್‌ನಲ್ಲಿ ಇಡುವ ಸಣ್ಣ ಥರ್ಮಾಮೀಟರ್ ಒಂದನ್ನು ಊಟದ ಬಾಕ್ಸಿಗೆ ಹಾಕಿ. ಅದು 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ನಿಶ್ಚಿಂತೆ.

ಊಟಕ್ಕೆ ಏನು

ಚಮಚ, ತಟ್ಟೆ, ಚಾಕು ಇಲ್ಲದೆ, ಎರಡು ಬೆರಳಲ್ಲಿ ಹಿಡಿದು ತಿನ್ನಲು ಆಗಬೇಕು. ಇದು ನನ್ನ ಮೊದಲ ಪರೀಕ್ಷೆ. ಎರಡನೆಯದು, ತಣ್ಣಗೆ ತಿಂದರೂ ರುಚಿ ಇರಬೇಕು. ಬಿಸಿ ಮಾಡಿದರೆ ಮಾತ್ರ ಚೆನ್ನಾಗಿರುವ ಊಟವನ್ನು ಪೂಲ್‌ಗೆ ಹೊತ್ತುಕೊಂಡು ಹೋಗಿ ಏನು ಪ್ರಯೋಜನ.

ಸ್ಯಾಂಡ್‌ವಿಚ್ ಮೆತ್ತಗಾಗಿ ಹಿಟ್ಟಿನ ಮುದ್ದೆ ಆಗುವುದು ಎಲ್ಲರೂ ನೋಡಿರುವ ಕಷ್ಟ. ಬ್ರೆಡ್ಡಿನ ಎರಡೂ ಒಳಮೈಗೆ ಅಂಚಿನ ತನಕ ತೆಳ್ಳಗೆ ಬೆಣ್ಣೆಯನ್ನೋ ಕ್ರೀಮ್ ಚೀಸನ್ನೋ ಸವರಿ, ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ. ಸೊಪ್ಪು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಟೊಮೇಟೊ ಒಳಗೆ ಹಾಕಬೇಡಿ, ಹೋಳುಗಳನ್ನು ಬೇರೆ ಡಬ್ಬಿಯಲ್ಲಿ ಒಯ್ದು ತಿನ್ನುವಾಗ ಸೇರಿಸಿ. ಸೌತೆಕಾಯಿಗೆ ಉಪ್ಪು ಮೊದಲೇ ಹಾಕಿದರೆ ಅದು ನೀರು ಬಿಡುತ್ತದೆ, ಅದೂ ಆಮೇಲೆಯೇ. ಬ್ರೆಡ್ಡಿಗಿಂತ ತೆಳ್ಳಗಿನ ರೊಟ್ಟಿಯಲ್ಲಿ ಬಿಗಿಯಾಗಿ ಸುತ್ತಿದ ರೋಲ್ ಒದ್ದೆ ಕೈಗೆ ಇನ್ನೂ ಅನುಕೂಲ. ಕಾಗದದಲ್ಲಿ ಸುತ್ತಿ, ಮಧ್ಯಕ್ಕೆ ಕತ್ತರಿಸಿ, ಕಾಗದ ಬಿಚ್ಚುತ್ತಾ ತಿನ್ನುವ ಹಾಗೆ ಇಡಿ. ಒಳಗೆ ಬೇಯಿಸಿ ಹರಿದ ಕೋಳಿಮಾಂಸ, ಮೊಟ್ಟೆ, ಚೀಸ್, ಅಥವಾ ಬೇಯಿಸಿದ ಕಡಲೆಕಾಳನ್ನು ಬೆಳ್ಳುಳ್ಳಿ ನಿಂಬೆರಸದ ಜೊತೆ ನುಣ್ಣಗೆ ರುಬ್ಬಿದ ಹಮ್ಮಸ್, ಯಾವುದಾದರೂ ಸರಿ. ಪ್ರೋಟೀನ್ ಇರುವ ಏನಾದರೂ ಇರಲೇಬೇಕು, ಬರೀ ಹಣ್ಣು ಬ್ರೆಡ್ಡು ಕೊಟ್ಟರೆ ಮುಕ್ಕಾಲು ಗಂಟೆಗೆ ಮತ್ತೆ ಹಸಿವು ಅಂತ ಬರುತ್ತಾರೆ.

ಬೇಯಿಸಿದ ಮೊಟ್ಟೆ ಇಂಥ ದಿನಕ್ಕೆ ಹೇಳಿ ಮಾಡಿಸಿದ್ದು. ಮನೆಯಲ್ಲೇ ಸುಲಿದು ಒಯ್ಯಿರಿ. ಪೂಲ್ ಪಕ್ಕ ಒದ್ದೆ ಕೈಯಲ್ಲಿ ಸಿಪ್ಪೆ ಬಿಡಿಸುತ್ತಾ ಕೂತರೆ ಆ ಚೂರುಗಳು ಟವೆಲ್‌ಗೆಲ್ಲ ಅಂಟಿಕೊಳ್ಳುತ್ತವೆ. ಮೊಟ್ಟೆ ಬೆಂದಿದೆ ಅಂತ ಹೊರಗೆ ಇಡುವ ಹಾಗಿಲ್ಲ, ಅದಕ್ಕೂ ಐಸ್ ಬೇಕು.

ಸಲಾಡ್ ಮಾಡುವುದಾದರೆ ಎಲೆಗಳ ಸಲಾಡ್ ಬಿಡಿ, ಅರ್ಧ ದಾರಿಯಲ್ಲೇ ಬಾಡಿ ಹೋಗುತ್ತದೆ. ಗಿಡ್ಡ ಪಾಸ್ತಾ ಬೇಯಿಸಿ ಎಣ್ಣೆ, ವಿನೆಗರ್, ತರಕಾರಿ ಸೇರಿಸಿ ಹಿಂದಿನ ದಿನವೇ ಫ್ರಿಜ್‌ನಲ್ಲಿ ಇಟ್ಟರೆ ಮಾರನೇ ದಿನ ರುಚಿ ಇನ್ನೂ ಕೂಡಿರುತ್ತದೆ. ಚಮಚ ಬೇಕಾಗುವ ಒಂದೇ ಒಂದು ಪದಾರ್ಥಕ್ಕೆ ನಾನು ಒಪ್ಪುವುದು ಇದಕ್ಕೆ. ಹಸಿರು ಬಟಾಣಿಯನ್ನು ಹಿಂದಿನ ದಿನ ಬೇಯಿಸಿ, ಆರಿಸಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟು, ಹೊರಡುವಾಗ ಹಾಗೇ ಸಲಾಡಿಗೆ ಸುರಿಯಿರಿ. ಒಂದೊಂದು ಕಾಳೂ ಒಂದು ಪುಟಾಣಿ ಐಸ್ ತುಂಡು, ಊಟದ ಹೊತ್ತಿಗೆ ಕರಗಿರುತ್ತದೆ.

ಅನ್ನದ ಪದಾರ್ಥ ಒಯ್ಯುವವರು ಹುಷಾರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಬೇಯಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಆದ ಕೂಡಲೇ ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್‌ಗೆ ಹಾಕಿ, ಅಲ್ಲಿಂದ ನೇರ ಐಸ್ ಬಾಕ್ಸಿಗೆ. ಇಷ್ಟು ಮಾಡಲು ಬೇಜಾರಾದರೆ ಅವತ್ತು ಅನ್ನ ಬೇಡ.

ಮಯೋನೀಸ್ ಬಗ್ಗೆ ಎಲ್ಲರಿಗೂ ಭಯ. ಅಂಗಡಿಯಲ್ಲಿ ಸಿಗುವುದರಲ್ಲಿ ಹುಳಿ ಅಂಶ ಇರುವುದರಿಂದ ಅದು ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಕೆಡುವುದು ಅದರ ಜೊತೆ ಬೆರೆಸಿದ ಮೊಟ್ಟೆ, ಆಲೂಗಡ್ಡೆ, ಮಾಂಸ. ಮನೆಯಲ್ಲಿ ಹಸಿ ಮೊಟ್ಟೆ ಹಾಕಿ ಮಾಡಿದ್ದು ಮಾತ್ರ ಬೇಡವೇ ಬೇಡ.

ನಡುನಡುವೆ ತಿನ್ನಲು

ಹಣ್ಣಿನಲ್ಲಿ ಎರಡು ಗುಂಪು ಮಾಡಿಕೊಳ್ಳಿ. ಬಾಳೆ, ಕಿತ್ತಳೆ, ಇಡೀ ಸೇಬು, ಇವುಗಳಿಗೆ ಐಸ್ ಬೇಕಿಲ್ಲ, ಹೊರಗಿನ ಚೀಲದಲ್ಲಿ ಹಾಕಿದರೆ ಬಾಕ್ಸಿನಲ್ಲಿ ಜಾಗ ಉಳಿಯುತ್ತದೆ. ಕತ್ತರಿಸಿದ ಹಣ್ಣು ಯಾವುದೇ ಆದರೂ ಐಸ್ ಮೇಲೆಯೇ ಇರಬೇಕು.

ಕಲ್ಲಂಗಡಿಯಲ್ಲಿ ಸುಮಾರು 92 ಶೇಕಡಾ ನೀರು, ಸೌತೆಕಾಯಿಯಲ್ಲಿ 95ರಷ್ಟು. ತಿನ್ನುತ್ತಲೇ ನೀರೂ ಒಳಗೆ ಹೋಯಿತು. ಕಲ್ಲಂಗಡಿ ಕತ್ತರಿಸುವ ಮೊದಲು ಹೊರಗಿನ ಸಿಪ್ಪೆಯನ್ನು ಉಜ್ಜಿ ತೊಳೆಯಿರಿ, ಹೇಗಿದ್ದರೂ ಎಸೆಯುವ ಸಿಪ್ಪೆ ಅಂತ ಬಿಡಬೇಡಿ, ಚಾಕು ಸಿಪ್ಪೆಯ ಕೊಳೆಯನ್ನು ನೇರ ತಿರುಳಿಗೆ ಎಳೆಯುತ್ತದೆ. ಆಮೇಲೆ ಅರ್ಧ ಹಣ್ಣನ್ನು ಬೋರಲು ಹಾಕಿ, ಉದ್ದಕ್ಕೂ ಅಡ್ಡಕ್ಕೂ ಎರಡು ಬೆರಳಗಲಕ್ಕೆ ಒಂದರಂತೆ ಕತ್ತರಿಸಿದರೆ ಒಂದೊಂದು ಕಡ್ಡಿಯ ತುದಿಯಲ್ಲೂ ಸ್ವಲ್ಪ ಸಿಪ್ಪೆ ಉಳಿಯುತ್ತದೆ. ಮಕ್ಕಳು ಆ ಸಿಪ್ಪೆ ಹಿಡಿದು ತಿನ್ನುತ್ತಾರೆ, ಬೆರಳು ಹಣ್ಣಿಗೆ ತಾಗುವುದೇ ಇಲ್ಲ. ಬೀಜ ಉಗಿಯುವ ಜಾಗ ಮೊದಲೇ ತೋರಿಸಿಬಿಡಿ, ಇಲ್ಲದಿದ್ದರೆ ಸ್ಪರ್ಧೆ ಶುರುವಾಗುತ್ತದೆ.

ಸೇಬು ಹೋಳು ಮಾಡಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಮಕ್ಕಳು ಮುಟ್ಟುವುದಿಲ್ಲ. ಕತ್ತರಿಸಿ ಮತ್ತೆ ಇಡೀ ಸೇಬಿನ ಹಾಗೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡಿ, ಗಾಳಿ ತಾಗುವುದು ಕಮ್ಮಿ ಆಗುತ್ತದೆ. ಅಥವಾ ಉಪ್ಪು ಹಾಕಿದ ನೀರಲ್ಲಿ ಐದು ನಿಮಿಷ ಮುಳುಗಿಸಿ ತೆಗೆದು ತೊಳೆಯಿರಿ. ಕ್ಯಾರೆಟ್ ಕಡ್ಡಿಗಳನ್ನು ಸ್ವಲ್ಪ ತಣ್ಣೀರಿನ ಜೊತೆ ಡಬ್ಬಿಗೆ ಹಾಕಿದರೆ ಕಟುಂ ಕಟುಂ ಅಂತಲೇ ಇರುತ್ತವೆ.

ಮೊಸರನ್ನು ಸಣ್ಣ ಡಬ್ಬಿಗಳಲ್ಲಿ ಹಾಕಿ ಗಟ್ಟಿ ಮಾಡಿ ಒಯ್ಯಬಹುದು, ಹಣ್ಣು ಬೆರೆಸಿದರೆ ಐಸ್ ಕ್ರೀಮ್ ಕೇಳುವವರ ಬಾಯಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಚಾಕೊಲೇಟ್ ಮನೆಯಲ್ಲೇ ಇರಲಿ, ಅದರಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ, ಬಿಸಿಲಲ್ಲಿ ಅದು ಟವೆಲ್‌ಗೇ ಊಟ.

ಚಿಪ್ಸ್ ಪೂರ್ತಿ ಬೇಡ ಅಂತ ನಾನು ಹೇಳುವುದಿಲ್ಲ. ರಜೆಯ ದಿನ ಅದು, ಪಕ್ಕದ ಟವೆಲ್ ಮೇಲೆ ಬೇರೆ ಮಕ್ಕಳು ತಿನ್ನುತ್ತಿರುತ್ತಾರೆ, ನಮ್ಮವರು ನೋಡುತ್ತಾ ಕೂರಬೇಕಾ? ಸಣ್ಣ ಪೊಟ್ಟಣ ಒಯ್ಯಿರಿ, ಊಟ ಆದ ಮೇಲೆ ಹೊರಗೆ ತೆಗೆಯಿರಿ, ಅಷ್ಟೇ. ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ನಾಲ್ಕು ತಿಂದು ಬಿಡುತ್ತಾರೆ. ಹುರಿದ ಕಡಲೆ, ಬಾದಾಮಿ, ಶೇಂಗಾ ಕೂಡ ಒಳ್ಳೆ ಕುರುಕಲು, ಐಸ್ ಬೇಕಿಲ್ಲ. ಆದರೆ ಹಂಚಿ ತಿನ್ನುವ ಜಾಗದಲ್ಲಿ ಬೇರೆಯವರ ಮಗುವಿಗೆ ಕೊಡುವ ಮೊದಲು ಅಲರ್ಜಿ ಇದೆಯಾ ಅಂತ ಕೇಳಿ. ಶೇಂಗಾ ಅಲರ್ಜಿ ಕೆಲವರಿಗೆ ಜೀವಕ್ಕೇ ಅಪಾಯ.

ಐದು ವರ್ಷದ ಒಳಗಿನ ಮಕ್ಕಳಿದ್ದರೆ ಈ ಪಟ್ಟಿ ಬದಲಾಗುತ್ತದೆ. ಇಡೀ ದ್ರಾಕ್ಷಿ ಗಂಟಲಿಗೆ ಸರಿಯಾಗಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ, ಅದಕ್ಕೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ದ್ರಾಕ್ಷಿ ಅಂತೂ ಸಣ್ಣವರಿಗೆ ಬೇಡ. ಇಡೀ ಬಾದಾಮಿ, ಶೇಂಗಾ, ಹುರಿದ ಕಡಲೆ, ಪಾಪ್‌ಕಾರ್ನ್, ದಪ್ಪ ಕ್ಯಾರೆಟ್ ತುಂಡು, ಇವೂ ಬೇಡ. ವಯಸ್ಸು ಎಷ್ಟೇ ಇರಲಿ, ಬಾಯಲ್ಲಿ ತುತ್ತು ಇಟ್ಟುಕೊಂಡು ಓಡುವುದು, ಅಗಿಯುತ್ತಾ ನೀರಿಗೆ ಹಾರುವುದು ಎರಡೂ ಇಲ್ಲ. ಕೂತು ತಿನ್ನಬೇಕು, ಬಾಯಿ ಖಾಲಿ ಮಾಡಿ ಎದ್ದೇಳಬೇಕು. ಇನ್ನೊಂದು, ಊಟ ಬಡಿಸುವವರೇ ನೀರಿನಲ್ಲಿರುವ ಮಕ್ಕಳನ್ನೂ ನೋಡಿಕೊಳ್ಳುತ್ತೇನೆ ಅಂತ ಹೊರಡಬಾರದು. ಡಬ್ಬಿ ಮುಚ್ಚಳ ಬಿಚ್ಚಲು ತಲೆ ಬಗ್ಗಿಸಿದ ಅರ್ಧ ನಿಮಿಷ ಸಾಕು. ಒಂದೋ ಎಲ್ಲರನ್ನೂ ಮೇಲೆ ಕರೆಯಿರಿ, ಇಲ್ಲ ಕಣ್ಣಿಡಲು ಇನ್ನೊಬ್ಬರಿಗೆ ಹೇಳಿ.

ಕುಡಿಯಲು

ನೀರಲ್ಲೇ ಇದ್ದಾಗಲೂ ಮೈ ಬೆವರುತ್ತದೆ, ಆದರೆ ಗೊತ್ತಾಗುವುದಿಲ್ಲ, ಮೈ ಹೇಗಿದ್ದರೂ ಒದ್ದೆ. ಬಾಯಾರಿಕೆ ಆಗಿದೆ ಅಂತ ಮಕ್ಕಳು ತಾವಾಗಿ ಹೇಳುವುದು ತಡವಾಗುತ್ತದೆ. ಆದ್ದರಿಂದ ಮೇಲೆ ಬಂದಾಗಲೆಲ್ಲ ಮೊದಲು ನಾಲ್ಕು ಗುಟುಕು ನೀರು, ಆಮೇಲೆ ತಿಂಡಿ ಡಬ್ಬಿ. ಸುಮ್ಮಸುಮ್ಮನೆ ಕಿರಿಕಿರಿ, ತಲೆನೋವು, ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಎಲ್ಲರಿಗೂ ಬೇರೆ ಬೇರೆ ಬಾಟಲಿ, ಮೇಲೆ ಹೆಸರು. ಇದರಿಂದ ಎಂಜಲು ತಪ್ಪುತ್ತದೆ, ಯಾರು ಕುಡಿದಿಲ್ಲ ಅನ್ನುವುದೂ ಒಂದೇ ನೋಟಕ್ಕೆ ಕಾಣುತ್ತದೆ.

ಆಟ ಆಡುವ ಮಕ್ಕಳಿಗೆ ಸಾಮಾನ್ಯವಾಗಿ ಬರೀ ನೀರು ಸಾಕು, ಸ್ಪೋರ್ಟ್ಸ್ ಡ್ರಿಂಕ್ ಬೇಕಿಲ್ಲ. ಬೆವರಲ್ಲಿ ಹೋದ ಉಪ್ಪು ಊಟದಲ್ಲಿ ವಾಪಸ್ ಬರುತ್ತದೆ. 330 ಮಿಲಿ ಕೋಲಾ ಕ್ಯಾನ್ ಒಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಪ್ಯಾಕೆಟ್ ಜ್ಯೂಸನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಬರೀ ನೀರು ಸಪ್ಪೆ ಅನ್ನುವವರಿಗೆ ಪುದೀನ ಎಲೆ, ಕಿತ್ತಳೆ ಹೋಳು, ಸೌತೆಕಾಯಿ ಬಿಲ್ಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಟ್ಟ ನೀರು ಕೊಟ್ಟು ನೋಡಿ.

ನಿಂಬೆ ಹಿಂಡುವುದಿದ್ದರೆ ಮನೆಯಲ್ಲೇ ಹಿಂಡಿಕೊಂಡು, ಕೈ ಸೋಪಿನಲ್ಲಿ ತೊಳೆದು ಹೊರಡಿ. ನಿಂಬೆರಸ ತಾಗಿದ ಚರ್ಮಕ್ಕೆ ಜೋರು ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗಿ ಗುಳ್ಳೆ ಏಳಬಹುದು. ತಕ್ಷಣ ಏನೂ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣುತ್ತದೆ, ಆಮೇಲೆ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಎಷ್ಟೋ ಜನ ಅದನ್ನು ಸನ್‌ಸ್ಕ್ರೀನ್ ಅಲರ್ಜಿ ಅಂದುಕೊಳ್ಳುತ್ತಾರೆ.

ಗಾಜಿನ ಬಾಟಲಿ, ಗಾಜಿನ ಡಬ್ಬಿ ಒಯ್ಯಬೇಡಿ. ಒಡೆದ ಗಾಜು ನೀರಿಗೆ ಬಿದ್ದರೆ ಕಣ್ಣಿಗೇ ಕಾಣುವುದಿಲ್ಲ, ಪೂಲ್ ಖಾಲಿ ಮಾಡಿಸಬೇಕಾಗಿ ಬರಬಹುದು. ಹೊರಗಿನ ಊಟವನ್ನೇ ಬಿಡದ ಪೂಲ್‌ಗಳೂ ಇರುತ್ತವೆ, ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಸಿಹಿ ಪಾನೀಯದ ತೆರೆದ ಕ್ಯಾನಿಗೆ ಕಣಜ ಇಳಿದು ಕೂರುತ್ತದೆ, ನೋಡದೆ ಬಾಯಿಗಿಟ್ಟರೆ ತುಟಿಗೋ ಗಂಟಲಿಗೋ ಕಚ್ಚುತ್ತದೆ. ಮುಚ್ಚಳ ಇರುವ ಲೋಟ, ಬಾಟಲಿ ಬಳಸಿ.

ಕೈ ತೊಳೆಯುವುದು

ಇಷ್ಟು ಹೊತ್ತು ನೀರಲ್ಲೇ ಇದ್ದರು, ಕೈ ಸ್ವಚ್ಛ ಇರುತ್ತದೆ ಅನ್ನಿಸುತ್ತದೆ. ಹಾಗಿಲ್ಲ. ಕ್ಲೋರಿನ್ ಬಹಳಷ್ಟು ಕ್ರಿಮಿಗಳನ್ನು ಬೇಗ ಕೊಲ್ಲುತ್ತದೆ ನಿಜ, ಆದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ 7 ದಿನಕ್ಕಿಂತ ಜಾಸ್ತಿ ಬದುಕುತ್ತದೆ. ಪೂಲ್ ನೀರು ಕುಡಿಯಬೇಡಿ ಅಂತ ಮಕ್ಕಳಿಗೆ ಹೇಳುವುದೂ ಇದಕ್ಕೇ. ಸ್ಯಾನಿಟೈಸರ್ ಸಾಕು ಅನ್ನುವವರಿಗೆ: ಸನ್‌ಸ್ಕ್ರೀನ್ ಹಚ್ಚಿದ ಜಿಡ್ಡು ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಆ ಪರಾವಲಂಬಿಯ ಮೇಲಂತೂ ಇಲ್ಲವೇ ಇಲ್ಲ. ತಿನ್ನುವ ಮೊದಲು ನಲ್ಲಿ ನೀರು, ಸೋಪು. ನಲ್ಲಿ ದೂರ ಇದ್ದರೆ ಒಂದು ದೊಡ್ಡ ಬಾಟಲಿ ನೀರು, ಒಂದು ಚೂರು ಸೋಪು ಜೊತೆಗೆ ಇರಲಿ. ಒರೆಸಲು ಬೇರೆ ಒಣ ಟವೆಲ್ ಬೇಕು, ಈಜಿ ಬಂದ ಟವೆಲ್ ಅಲ್ಲ.

ತುಂಬುವ ಕ್ರಮ

ಹಿಂದಿನ ಸಂಜೆ ಮೊಟ್ಟೆ, ಪಾಸ್ತಾ, ಕಡಲೆ ಬೇಯಿಸಿ ಮುಗಿಸಿ. ನೀರಿನ ಬಾಟಲಿಗಳನ್ನು ಫ್ರೀಜರ್‌ಗೆ ಹಾಕಿ. ಕಲ್ಲಂಗಡಿ, ಸೌತೆ, ಕ್ಯಾರೆಟ್ ಕತ್ತರಿಸಿ ಡಬ್ಬಿ ಮಾಡಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆಗೆ ಉಳಿಯಬೇಕಾದದ್ದು ಸ್ಯಾಂಡ್‌ವಿಚ್ ಅಥವಾ ರೋಲ್ ಕಟ್ಟುವುದು ಮಾತ್ರ. ಬಾಕ್ಸ್ ತುಂಬುವುದು ಕಟ್ಟಕಡೆಯ ಕೆಲಸ, ಎಲ್ಲರೂ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ.

ಕೊನೆಗೆ ತಿನ್ನುವುದು ತಳಕ್ಕೆ, ಮೊದಲು ತಿನ್ನುವುದು ಮೇಲಕ್ಕೆ. ಅಂದರೆ ತಳದಲ್ಲಿ ಐಸ್ ಬಾಟಲಿ, ಅದರ ಮೇಲೆ ಸಂಜೆಯ ಗಟ್ಟಿ ಮೊಸರು, ಅದರ ಮೇಲೆ ಮಧ್ಯಾಹ್ನದ ಊಟ, ಎಲ್ಲಕ್ಕಿಂತ ಮೇಲೆ ಹಣ್ಣು ತರಕಾರಿ ಡಬ್ಬಿ, ಅದರ ಮೇಲೊಂದು ತೆಳ್ಳಗಿನ ಐಸ್ ಪ್ಯಾಕ್. ಡಬ್ಬಿಗಳು ಪಾರದರ್ಶಕ ಇದ್ದರೆ ಇನ್ನೂ ಒಳ್ಳೆಯದು, ಬಣ್ಣ ಕಂಡರೆ ಕೈ ಅಲ್ಲಿಗೇ ಹೋಗುತ್ತದೆ. ಚಿಪ್ಸ್, ಬಿಸ್ಕೆಟ್ ಇರುವ ಚೀಲ ದೊಡ್ಡವರ ಬಟ್ಟೆ ಬ್ಯಾಗಿನ ಒಳಗೆ. ಮುಚ್ಚಳಗಳನ್ನು ಮೊದಲೇ ಮಕ್ಕಳ ಕೈಗೆ ಕೊಟ್ಟು ತೆರೆಸಿ ನೋಡಿ, ಅವರಿಗೆ ತೆರೆಯಲು ಬಾರದ ಡಬ್ಬಿ ಇದ್ದೂ ಇಲ್ಲದ ಹಾಗೆ. ಕಸಕ್ಕೆ ಒಂದೆರಡು ಖಾಲಿ ಚೀಲ, ಒಂದು ಹಳೇ ಬಟ್ಟೆ ಮರೆಯಬೇಡಿ.

ವಾಪಸ್ ಬಂದ ಮೇಲೆ

ಉಳಿದದ್ದನ್ನು ಏನು ಮಾಡುವುದು ಅನ್ನುವುದಕ್ಕೆ ಉತ್ತರ ಐಸ್ ಹೇಳುತ್ತದೆ. ಬಾಕ್ಸಿನಲ್ಲಿ ಇನ್ನೂ ಐಸ್ ಗಟ್ಟಿ ಇದೆ, ಡಬ್ಬಿ ಮುಟ್ಟಿದರೆ ಫ್ರಿಜ್‌ನಿಂದ ತೆಗೆದಷ್ಟೇ ತಣ್ಣಗಿದೆ, ತೆರೆದು ಯಾರೂ ಕೈ ಹಾಕಿಲ್ಲ ಅಂದರೆ ಮತ್ತೆ ಫ್ರಿಜ್‌ನಲ್ಲಿಟ್ಟು ಬೇಗ ತಿಂದು ಮುಗಿಸಬಹುದು. ಐಸ್ ಪೂರ್ತಿ ಕರಗಿ ನೀರೂ ಬೆಚ್ಚಗಾಗಿದ್ದರೆ ಮೊಟ್ಟೆ, ಮಾಂಸ, ಮೊಸರು, ಪಾಸ್ತಾ, ಕತ್ತರಿಸಿದ ಹಣ್ಣು ಎಲ್ಲಾ ಕಸಕ್ಕೆ. ಹೊಟ್ಟೆ ಉರಿಯುತ್ತದೆ, ಗೊತ್ತು. ಮುಂದಿನ ಸಲ ಯಾವ ಡಬ್ಬಿ ಮುಟ್ಟದೆ ವಾಪಸ್ ಬಂತೋ ಅದನ್ನು ಅರ್ಧ ಮಾಡಿ ಒಯ್ಯಿರಿ.

ಬಾಕ್ಸನ್ನು ಅವತ್ತೇ ಸೋಪು ಹಾಕಿ ತೊಳೆದು, ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಿ. ನಾಳೆ ನೋಡೋಣ ಅಂತ ಮುಚ್ಚಿಟ್ಟರೆ ಆ ವಾಸನೆ ಬೇಸಿಗೆ ಮುಗಿದರೂ ಹೋಗುವುದಿಲ್ಲ.